ದೊಡ್ಡ ಬ್ರೇಕು

ರಟ್ಟಿನ ತುಂಡು ಚಕ್ರದೊಳಗೆ ಕೂರಲಿಲ್ಲ. ಮೆಕ್ಯಾನಿಕ್ ಅದನ್ನು ಒಮ್ಮೆ ತಿರುಗಿಸಿ ನೋಡಿದ, ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ, ಕೊನೆಗೆ ಚಕ್ರವನ್ನು ನೆಲಕ್ಕೆ ಬೋರಲು ಹಾಕಿ ಅದರ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, “ಆಗಲ್ಲ ಸಾರ್” ಎಂದ. ಹೊಸ ಕ್ಯಾಲಿಪರ್ ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾಗಿ ಕತ್ತರಿಸಿದ ರಟ್ಟು ಅದು. ಅಲಾಯ್ ಚಕ್ರದ ಕಡ್ಡಿಗಳು ಒಳಗೆ ಬಾಗಿದ್ದ ಕಡೆ ಅದರ ಭುಜ ತಗಲುತ್ತಿತ್ತು. “ಡಿಸ್ಕನ್ನ ಎರಡೂ ಕಡೆಯಿಂದ ಕಚ್ಚಿ ಹಿಡಿಯೋದೇ ಕ್ಯಾಲಿಪರ್ ಕೆಲಸ. ದೊಡ್ಡ ಬಾಯಿ ಬೇಕು ಅಂದ್ರೆ ದೊಡ್ಡ ಜಾಗನೂ ಬೇಕಲ್ವಾ? ಚಕ್ರ ಬದಲಾಯಿಸಿಬಿಡಿ, ಕಥೆ ಮುಗೀತು.” ಗಾಡಿ ತಂದವನು, “ಚಕ್ರ ಬದಲಾಯಿಸೋ ಹಾಗಿಲ್ಲ” ಎಂದ. ಹೇಳಿದ್ದು ತೀರ ಜೋರಾಯಿತು ಅನ್ನಿಸಿ, “ಅದು ನಮ್ಮ ಮನೆಯವರು ಆರಿಸಿದ್ದು” ಎಂದು ದನಿ ಇಳಿಸಿ ಸೇರಿಸಿದ. ಮೆಕ್ಯಾನಿಕ್ ನಕ್ಕ. “ಹಾಗಾದ್ರೆ ಚಕ್ರದ ಸುದ್ದಿಗೇ ಹೋಗೋದು ಬೇಡ ಬಿಡಿ. ನಾನೂ ಸಂಸಾರಸ್ಥ.”

ಅವಳೇ ಆರಿಸಿದ್ದು ನಿಜ. ಗಾಡಿಯ ಬಣ್ಣ, ಸೀಟಿನ ಬಟ್ಟೆ, ಕಿಟಕಿ ಎಷ್ಟು ಇಳಿಸಬೇಕು, ರೇಡಿಯೋ ಯಾವಾಗ ನಿಲ್ಲಿಸಬೇಕು ಎಲ್ಲವೂ ಅವನ ತೀರ್ಮಾನವಾಗಿದ್ದ ಆ ಗಾಡಿಯಲ್ಲಿ ಅವಳದು ಅಂತ ಇದ್ದದ್ದು ಈ ಚಕ್ರಗಳು ಮಾತ್ರ. ಅಂಗಡಿಯ ಗೋಡೆಗೆ ತೂಗುಹಾಕಿದ್ದ ಹತ್ತಾರು ಮಾದರಿಗಳ ಮುಂದೆ ನಿಂತು, “ಇದು ಹೂವಿನ ಥರ ಇದೆ ರೀ” ಎಂದಿದ್ದಳು. “ಹೂವೂ ಇಲ್ಲ ಹಣ್ಣೂ ಇಲ್ಲ, ಬೇಗ ಹೇಳು” ಎಂದಿದ್ದ ಇವನು. ಈಗ ಅವೇ ಚಕ್ರ ಇರಬೇಕು ಅಂತ ಹಟ ಹಿಡಿದು ಕೂತಿದ್ದರೆ ಅದು ಪ್ರೀತಿಯಿಂದ ಅಂತ ಯಾರಾದರೂ ತಿಳಿದುಕೊಂಡಾರು. ಇವನಿಗೆ ಬೇಕಾಗಿದ್ದದ್ದು ಇಷ್ಟೇ: ಗಾಡಿ ಅದೇ ಇರಬೇಕು, ಚಕ್ರ ಅದೇ ಇರಬೇಕು, ಕಡ್ಡಿಗಳ ಸಂದಿಯಲ್ಲಿ ಕೆಂಪು ಬಣ್ಣದ ಕ್ಯಾಲಿಪರ್ ಒಂದೇ ಹೊಸದಾಗಿ ಎದ್ದು ಕಾಣಬೇಕು. ಕಂಡವರು, ಓಹೋ, ಕೆಟ್ಟಿದ್ದು ಇದೊಂದೇ, ಮಿಕ್ಕದ್ದೆಲ್ಲ ಸರಿಯಿತ್ತು ಅಂದುಕೊಳ್ಳಬೇಕು. ಆರು ತಿಂಗಳ ಹಿಂದೆ ಅಪಘಾತ ಆದಾಗಿನಿಂದ ಅವಳು ಈ ಗಾಡಿ ಹತ್ತಿಲ್ಲ. ತಮ್ಮನ ಮನೆಗೂ ಆಸ್ಪತ್ರೆಗೂ ತರಕಾರಿಗೂ ಬಸ್ಸಿನಲ್ಲೇ ಹೋಗುತ್ತಾಳೆ. ಬಾ ಅಂತ ಕರೆದಾಗಲೆಲ್ಲ, ಇಲ್ಲ ಅನ್ನುವುದಿಲ್ಲ, ಹೂಂ ಅನ್ನುವುದಿಲ್ಲ, ಚೀಲ ತೆಗೆದುಕೊಂಡು ಹೊರಟುಬಿಡುತ್ತಾಳೆ. ಹೋದ ವಾರ ಮಾತ್ರ, ಪಾತ್ರೆ ಒರೆಸುತ್ತ, ಅವನ ಕಡೆ ತಿರುಗದೆ, “ಬ್ರೇಕ್ ಸರಿ ಮಾಡಿಸಿ, ಆಮೇಲೆ ನೋಡೋಣ” ಎಂದಳು. ಅಷ್ಟು ಸಾಕಾಯಿತು. ಇವತ್ತು ಮಧ್ಯಾಹ್ನ ಇಬ್ಬರೂ ಅವಳ ತಮ್ಮನ ಮನೆಗೆ ಹೋಗಬೇಕು. ಅವಳು ಪಕ್ಕದ ಸೀಟಿನಲ್ಲಿ ಕೂತರೆ ಸರಿ. ಕೂರದಿದ್ದರೆ ತನ್ನ ಮನೆಯಲ್ಲಿ ಮುಂದಿನ ದಿನಗಳನ್ನು ಹೇಗೆ ತಳ್ಳುವುದು ಅನ್ನುವುದು ಅವನಿಗೆ ತಿಳಿದಿರಲಿಲ್ಲ, ತಿಳಿದುಕೊಳ್ಳುವ ಧೈರ್ಯವೂ ಇರಲಿಲ್ಲ.

ರಟ್ಟು ಸುಳ್ಳು ಹೇಳಿರಬಹುದು, ಲೋಹದಲ್ಲೇ ನೋಡೋಣ ಎಂದು ಮೆಕ್ಯಾನಿಕ್ ಹೊಸ ಡಿಸ್ಕನ್ನೂ ಕ್ಯಾಲಿಪರನ್ನೂ ಕೂರಿಸಿದ. ಮಕ್ಕಳು ಆಡುವ ಹಸಿರು ಜೇಡಿಯನ್ನು ಸಣ್ಣ ಉಂಡೆ ಮಾಡಿ ಕ್ಯಾಲಿಪರಿನ ಬೆನ್ನಿಗೂ ಭುಜಕ್ಕೂ ಅಂಟಿಸಿ, ಚಕ್ರವನ್ನು ಎತ್ತಿ ಹಾಕಿ, ನಟ್ಟು ಬಿಗಿದು, ಕೈಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿ ಮತ್ತೆ ಬಿಚ್ಚಿದ. ಜೇಡಿ ಎಷ್ಟು ದಪ್ಪ ಉಳಿದಿರುತ್ತದೋ ಅಷ್ಟೇ ನಡುವೆ ಜಾಗ. ಭುಜದ ಮೇಲಿನ ಉಂಡೆ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿತ್ತು. “ತಣ್ಣಗಿದ್ದಾಗಲೇ ಇಷ್ಟು. ಬಿಸಿ ಏರಿದ್ರೆ, ತಿರುವಿನಲ್ಲಿ ಚಕ್ರ ಒಂಚೂರು ಬಾಗಿದ್ರೆ ಉಜ್ಜಿಬಿಡುತ್ತೆ. ಚಕ್ರ ಕೂರೋ ಹಬ್ಬಿಗೂ ಚಕ್ರಕ್ಕೂ ನಡುವೆ ಒಂದು ಸ್ಪೇಸರ್ ಬಳೆ ಹಾಕೋಣ, ಚಕ್ರ ಆಚೆ ಸರಿಯುತ್ತೆ. ಬೋಲ್ಟೂ ಉದ್ದದ್ದು ಹಾಕಬೇಕು, ಇಲ್ಲಾಂದ್ರೆ ನಟ್ಟಿಗೆ ಹಿಡಿಯೋಕೆ ಥ್ರೆಡ್ ಸಾಲಲ್ಲ.” ಅವನು ಬಗ್ಗಿ ಆ ಒತ್ತಿದ ಜೇಡಿಯನ್ನೇ ನೋಡುತ್ತಿದ್ದ. ಇದು ಅವನಿಗೆ ಹೊಸದಲ್ಲ. ಡಾಕ್ಟರರು ಕಳಿಸಿದ ಅಚ್ಚು ನೋಡಿ ಹಲ್ಲು ಕಟ್ಟುವುದು ಅವನ ಕಸುಬು. ಮೇಣದ ಪಟ್ಟಿಯಲ್ಲಿ ಬಿದ್ದ ಗುರುತು ನೋಡಿದರೆ ಸಾಕು, ಯಾವ ಹಲ್ಲು ಎಲ್ಲಿ ತಾಗುತ್ತದೆ, ಯಾರು ಎಡಗಡೆ ಅಗಿಯುತ್ತಾರೆ, ಯಾರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ ಅಂತ ಹೇಳಿಬಿಡುತ್ತಿದ್ದ. ಅವಳ ಮುಂದಿನ ಎರಡು ಹಲ್ಲು ಡ್ಯಾಶ್‌ಬೋರ್ಡಿಗೆ ಬಡಿದು ಮುರಿದಾಗ, ಬೇರೆ ಯಾರೂ ಮುಟ್ಟುವುದು ಬೇಡ, ನಾನೇ ಕಟ್ಟುತ್ತೇನೆ ಅಂದಿದ್ದ. ಆಸ್ಪತ್ರೆಯವರು, ಆಹಾ, ಎಂಥ ಗಂಡ ಅಂದರು. “ಕಚ್ಚು” ಎಂದ. ಅವಳು ಮೇಣವನ್ನು ಕಚ್ಚಿದಳು. “ಗಟ್ಟಿಯಾಗಿ.” ಗಟ್ಟಿಯಾಗಿ ಕಚ್ಚಿದಳು, ಪ್ಲಾಸ್ಟರ್ ಹಾಕಿದ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಅವನ ಮುಖದಿಂದ ಕದಲಿಸದೆ. ಬಾಯಲ್ಲಿ ಮೇಣ ಇದ್ದದ್ದರಿಂದ ಅವಳು ಏನೂ ಹೇಳುವಂತಿರಲಿಲ್ಲ. ಆ ಹೊತ್ತು ಅವನಿಗೆ ಎಷ್ಟು ನಿರಾಳವಾಗಿತ್ತು ಅನ್ನುವುದು ನೆನಪಾಗಿ ಈಗ ಜೇಡಿಯಿಂದ ಕಣ್ಣು ಕಿತ್ತ. ಹಲ್ಲು ಎಷ್ಟು ಚೆನ್ನಾಗಿ ಕೂತವೆಂದರೆ, ಕಟ್ಟಿದ್ದು ಅಂತ ಗೊತ್ತೇ ಆಗಲ್ಲ ಅಂತ ನೋಡಿದವರೆಲ್ಲ ಹೊಗಳಿದರು. ಅವಳು ನಕ್ಕರೆ ತಾನೇ ಇನ್ನೂ ನಾಲ್ಕು ಜನ ನೋಡುವುದು.

“ಸಾರ್, ಒಂದು ಮಾತು ಕೇಳ್ಲಾ?” ಮೆಕ್ಯಾನಿಕ್ ಹಳೇ ಬ್ರೇಕ್ ಪ್ಯಾಡನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದ. “ಇದಕ್ಕೇನಾಗಿತ್ತು? ಅರ್ಧಕ್ಕಿಂತ ಜಾಸ್ತಿ ಇದೆ. ಡಿಸ್ಕೂ ಸವೆದಿಲ್ಲ. ಆಯಿಲ್ ಎಲ್ಲೂ ಸೋರಿಲ್ಲ. ಈ ಬ್ರೇಕ್ ಹಿಡಿಯಲ್ಲ ಅಂತ ನಿಮಗೆ ಯಾರು ಹೇಳಿದ್ದು?” ಪಕ್ಕದ ಗಾಡಿಯ ಕೆಳಗೆ ಮಲಗಿದ್ದ ಇನ್ನೊಬ್ಬ ಕೂಡ ಸುತ್ತಿಗೆ ಬಡಿಯುವುದನ್ನು ನಿಲ್ಲಿಸಿದ ಹಾಗೆ ಅವನಿಗೆ ಅನ್ನಿಸಿತು. “ಒಂದ್ಸಲ ಕೈಕೊಟ್ಟಿತ್ತು” ಎಂದ. “ಇದಾ? ಕೈಕೊಡೋ ಜಾತಿ ಅಲ್ವಲ್ಲ ಸಾರ್ ಇದು” ಎಂದು ಮೆಕ್ಯಾನಿಕ್ ತಲೆ ಕೆರೆದುಕೊಂಡು, ತನಗೇಕೆ ಇಲ್ಲದ ಉಸಾಬರಿ ಅನ್ನುವ ಹಾಗೆ ಪ್ಯಾಡುಗಳನ್ನು ಒಂದು ಡಬ್ಬಿಗೆ ಹಾಕಿ ಹಿಂದಿನ ಸೀಟಿನ ಮೇಲಿಟ್ಟ. ಯಾರು ಹೇಳಿದ್ದು ಅಂದರೆ ಏನಂತ ಹೇಳುವುದು. ಆಸ್ಪತ್ರೆಯ ಉದ್ದನೆಯ ಕಾರಿಡಾರಿನಲ್ಲಿ, ಬೆವರಿನಲ್ಲಿ ತೊಯ್ದು ಓಡಿಬಂದ ಅವಳ ತಮ್ಮ, “ಏನಾಯ್ತು ಭಾವ? ಬ್ರೇಕ್ ಹಿಡೀಲಿಲ್ವಾ?” ಎಂದು ಕೇಳಿದ್ದ. ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೈಗೆ ಕೊಟ್ಟಿದ್ದ ಪುಣ್ಯಾತ್ಮ. ಇವನು ಹೌದೆಂಬಂತೆ ಬರೀ ತಲೆಯಾಡಿಸಿದ. ಬಾಯಿಬಿಟ್ಟು ಸುಳ್ಳು ಹೇಳಿಲ್ಲ ಎಂದು ಎಷ್ಟೋ ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡದ್ದುಂಟು. ಆಮೇಲೆ ಭಾವಮೈದುನನೇ ಎಲ್ಲರಿಗೂ ಹೇಳಿದ, ಪಾಪ, ಬ್ರೇಕ್ ಕೈಕೊಟ್ಟಿತಂತೆ, ಭಾವ ಎಷ್ಟು ಒತ್ತಿದರೂ ನಿಲ್ಲಲಿಲ್ಲವಂತೆ. ಎಷ್ಟು ಒತ್ತಿದರೂ ಅನ್ನುವುದು ಅವನೇ ಸೇರಿಸಿದ್ದು. ಆರು ತಿಂಗಳಲ್ಲಿ ಆ ಮಾತು ಊಟದ ಮೇಜಿನ ಹಾಗೆ ಮನೆಯ ಸಾಮಾನಾಗಿಹೋಯಿತು, ಎಲ್ಲರೂ ಅದರ ಸುತ್ತ ಕೂತು ಎದ್ದು ಓಡಾಡುವವರೇ. ಅವಳು ಮಾತ್ರ ಆ ಮಾತು ಬಂದಾಗಲೆಲ್ಲ ಎದ್ದು ನೀರು ತರಲು ಹೋಗುತ್ತಿದ್ದಳು.

ಬಳೆ ಕೂತಿತು, ಉದ್ದದ ಬೋಲ್ಟುಗಳು ಕೂತವು, ಚಕ್ರದ ಒಳಬದಿಗೆ ಅಂಟಿಸಿದ್ದ ತೂಕದ ತುಂಡುಗಳು ಕ್ಯಾಲಿಪರಿಗೆ ತಗಲದ ಹಾಗೆ ಜಾಗ ಬದಲಾದವು. ಈ ಸಲ ಜೇಡಿ ಬಿಸ್ಕತ್ತಿನಷ್ಟು ದಪ್ಪ ಉಳಿಯಿತು. ಇನ್ನು ಬ್ರೇಕಿನ ಪೈಪಿನೊಳಗೆ ಸಿಕ್ಕಿಕೊಂಡ ಗಾಳಿಯನ್ನು ತೆಗೆಯಬೇಕಿತ್ತು. “ನಮ್ಮವನು ಬೇರೆ ಗಾಡಿಯಲ್ಲಿ ಸಿಕ್ಕಿಹಾಕ್ಕೊಂಡಿದ್ದಾನೆ, ನೀವೇ ಒಂಚೂರು ಒಳಗೆ ಕೂತು ಪೆಡಲ್ ಒತ್ತಿ ಸಾರ್. ನಾನು ಒತ್ತಿ ಅಂದಾಗ ಒತ್ತಿ, ಹಿಡೀರಿ ಅಂದ್ರೆ ಹಿಡ್ಕೊಳ್ಳಿ, ಬಿಡಿ ಅಂದ್ರೆ ಬಿಡಿ.” ಅವನು ಕೂತ. ಕೆಳಗಿನಿಂದ ದನಿ ಬಂತು: “ಒತ್ತಿ.” ಒತ್ತಿದ. “ಹಿಡೀರಿ. ಬಿಡಿ. ಒತ್ತಿ... ಒತ್ತಿ ಸಾರ್! ನಾನು ಅಂದ ತಕ್ಷಣ ಒತ್ತಬೇಕು, ತಡ ಮಾಡಿದ್ರೆ ಗಾಳಿ ವಾಪಸ್ ಎಳ್ಕೊಳ್ಳುತ್ತೆ.” ಯಾರೋ ಕೆನ್ನೆಗೆ ಬಾರಿಸಿದ ಹಾಗೆ ಕಿವಿ ಬಿಸಿಯಾಯಿತು. ತಡ ಮಾಡುವುದು ಅವನ ಕಾಲಿಗೆ ರೂಢಿಯಾಗಿತ್ತು. ಎಂದಿನಿಂದ ಅಂತ ಅವನಿಗೇ ಗೊತ್ತಿಲ್ಲ. ಮನೆಯಲ್ಲಿ ಅವನು ಕೂಗಾಡುವವನಲ್ಲ, ಕೈಯೆತ್ತುವ ಮಾತಂತೂ ದೂರ. ಆದರೆ ಗಾಡಿಯಲ್ಲಿ ಅವಳು ಏನಾದರೂ ಅಂದು ಪಿತ್ತ ನೆತ್ತಿಗೇರಿದರೆ, ಮುಂದೆ ನಿಂತ ಗಾಡಿಯ ಮೇಲೆ ಏರಿಯೇಬಿಡುವ ಹಾಗೆ ಹೋಗುತ್ತಿದ್ದ. ಅವಳು “ರೀ” ಅನ್ನುತ್ತಿದ್ದಳು. ಹೋಗುತ್ತಿದ್ದ. “ರೀ, ರೀ” ಅಂದು ಬಾಗಿಲಿನ ಹಿಡಿ ಹಿಡಿದುಕೊಳ್ಳುತ್ತಿದ್ದಳು. ಆಗ ಬ್ರೇಕ್ ಒತ್ತುತ್ತಿದ್ದ. ಗಾಡಿ ನಿಲ್ಲುತ್ತಿತ್ತು, ಮಾತೂ ನಿಲ್ಲುತ್ತಿತ್ತು. ಹೆದರಿಸಬೇಕು ಅಂತಲ್ಲ, ಬಾಯಿ ಮುಚ್ಚಲಿ ಅಂತ, ಅಷ್ಟೇ. ಅದೂ ಏನು ದೊಡ್ಡ ಜಗಳಗಳೇ? ಅಪಘಾತದ ದಿನ ನಾಲ್ಕು ಜನ ಗೆಳೆಯರ ಮುಂದೆ ಅವನು ಹಳೆಯ ಪ್ರವಾಸದ ಒಂದು ಪ್ರಸಂಗ ಹೇಳಿ ನಗಿಸುತ್ತಿದ್ದಾಗ ಅವಳು, “ಅದು ಹಾಗಲ್ಲ ರೀ, ಬಿದ್ದಿದ್ದು ನೀವು, ಅವರಲ್ಲ” ಎಂದುಬಿಟ್ಟಳು. ಜನ ಇನ್ನೂ ಜೋರಾಗಿ ನಕ್ಕರು. ವಾಪಸಾಗುವಾಗ ಸಿಗ್ನಲ್ಲಿನಲ್ಲಿ ಪೈಪು ಹೊತ್ತ ಲಾರಿ ನಿಂತಿತ್ತು, ಹಿಂಬದಿಗೆ ಕಟ್ಟಿದ ಕೆಂಪು ಬಟ್ಟೆ ಅಲ್ಲಾಡುತ್ತಿತ್ತು. ಅವನ ಕಾಲು “ರೀ”ಗೆ ಕಾದಿತ್ತು. ಅವತ್ತು ಅವಳು ರೀ ಅನ್ನಲಿಲ್ಲ. ಅವಳು ಅನ್ನಲಿ, ಆಮೇಲೆ ಒತ್ತಿದರಾಯಿತು ಎಂದು ಅವನು ಕಾದ. ಗಾಡಿ ಹೋಗಿ ಲಾರಿಗೆ ಬಡಿಯುವ ತನಕ ಅವಳು ಕೈಕಟ್ಟಿ ಕೂತು ಮುಂದೆ ನೋಡುತ್ತಲೇ ಇದ್ದಳು. “ಬಿಡಿ ಸಾರ್, ಬಿಡಿ, ಆಯ್ತು” ಎಂದು ಮೆಕ್ಯಾನಿಕ್ ಹೊರಗಿನಿಂದ ಕಿಟಕಿ ತಟ್ಟಿದ. ಅವನ ಕಾಲು ಪೆಡಲಿನ ಮೇಲೆ ಮರಗಟ್ಟಿತ್ತು.

ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಬೇಕು, ಒಂದು ಸುತ್ತು ಹೊಡೆದು ಬರೋಣ ಎಂದು ಮೆಕ್ಯಾನಿಕ್ ಸ್ಟೀರಿಂಗ್ ಹಿಡಿದ. ಅವನು ಪಕ್ಕದಲ್ಲಿ ಕೂತ. ತನ್ನದೇ ಗಾಡಿಯ ಆ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ಎಲ್ಲವೂ ಒಂದು ಗೇಣು ಆಚೀಚೆ ಸರಿದ ಹಾಗಿತ್ತು. ಕಂಬಗಳು ಮೈಗೇ ತಗಲುವಂತೆ ಹಾದುಹೋಗುತ್ತಿದ್ದವು. ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಮೆಕ್ಯಾನಿಕ್ ಮೊದಲು ಮೆಲ್ಲಗೆ ಬ್ರೇಕ್ ಹಿಡಿದು ಬಿಟ್ಟ, ಆಮೇಲೆ ಇನ್ನಷ್ಟು ಜೋರು, ಹಾಗೇ ಹಲವು ಸಲ. ಪ್ಯಾಡು ಸುಟ್ಟ ವಾಸನೆ ಏರಿ ಇಳಿಯಿತು. “ಈಗ ನೋಡಿ ಮಜಾ” ಎಂದು ಗೋಡೆಯೊಂದರ ಕಡೆಗೆ ಬಿಟ್ಟ. ಗೋಡೆಯ ಇಟ್ಟಿಗೆಗಳು ಒಂದೊಂದೂ ಬೇರೆಬೇರೆಯಾಗಿ ಕಂಡವು. ಅವನ ಬಲಗಾಲು ನೆಲವನ್ನು ಒತ್ತಿತು, ಅಲ್ಲಿ ಪೆಡಲ್ ಇರಲಿಲ್ಲ. ಗಾಡಿ ಮೂಗು ತಗ್ಗಿಸಿ ಗಕ್ಕನೆ ನಿಂತಿತು, ಗೋಡೆ ಇನ್ನೂ ಎಷ್ಟೋ ದೂರ ಇತ್ತು. “ಏನ್ ಸಾರ್, ಜೀವ ಬಾಯಿಗೆ ಬಂತಾ?” ಎಂದು ಮೆಕ್ಯಾನಿಕ್ ನಕ್ಕ. ಅವನೂ ನಗಲು ಹೋಗಿ, ಮುಖ ಮರೆಸಲು ತಲೆ ತಗ್ಗಿಸಿದಾಗ ಕಾಲ ಕೆಳಗಿನ ಮ್ಯಾಟು ಕಂಡಿತು. ಬಲಗಾಲಿನ ಕಡೆ, ಹಿಮ್ಮಡಿ ಊರುವ ಜಾಗದಲ್ಲಿ ರಬ್ಬರು ಸವೆದು ತೂತಾಗಿತ್ತು. ಓಡಿಸುವವನ ಕಡೆ ಹಾಗೆ ಸವೆಯುವುದು ಸಹಜ. ಈ ಕಡೆ ಒತ್ತುವಂಥದ್ದು ಏನೂ ಇರಲಿಲ್ಲ. ಎಷ್ಟು ವರ್ಷ, ಎಷ್ಟು ಸಲ, ಇಲ್ಲದ ಬ್ರೇಕನ್ನು ಅವಳು ಇಲ್ಲಿ ಕೂತು ಒತ್ತಿರಬೇಕು. ಅವನು ಆ ತೂತಿನ ಮೇಲೆ ತನ್ನ ಹಿಮ್ಮಡಿ ಇಟ್ಟು ಮುಚ್ಚಿದ. ಇವತ್ತು ಅವಳು ಹತ್ತಿದ ತಕ್ಷಣ ಹೇಳಿಬಿಡುತ್ತೇನೆ, ಬ್ರೇಕ್ ಸರಿಯಾಗಿಯೇ ಇತ್ತು, ಒತ್ತದೇ ಇದ್ದವನು ನಾನು ಅಂತ. ಕಾಲು ಹಿಡಿಯಬೇಕಾದರೂ ಸರಿ ಎಂದುಕೊಂಡ. ಹಾಗೆ ಅಂದುಕೊಂಡಾಗ ತಾನು ಒಳ್ಳೆಯವನಾಗಿಯೇ ಬಿಟ್ಟೆ ಅನ್ನುವಂಥ ಒಂದು ಸುಖ ಕೂಡ ಆಯಿತು.

ಅವಳು ಮನೆಯ ಗೇಟಿನ ಹತ್ತಿರವೇ ನಿಂತಿದ್ದಳು, ಚೀಲ ಎಡಗೈಯಲ್ಲಿ. ಬಲಗೈಯಲ್ಲಿ ಈಗಲೂ ಭಾರ ಎತ್ತುತ್ತಿರಲಿಲ್ಲ. ಬಗ್ಗಿ ಚಕ್ರ ನೋಡಿದಳು. “ಕೆಂಪಗಿದೆ” ಎಂದಳು. “ಅದೇ ಕ್ಯಾಲಿಪರ್. ಚಕ್ರ ನಿಂದೇ, ಬದಲಾಯಿಸಲಿಲ್ಲ” ಎಂದ. “ಹೂಂ.” ಬಾಗಿಲು ತೆಗೆದು ಕೂತಳು. ಕೂತೇಬಿಟ್ಟಳು! ಬೆಲ್ಟು ಸಿಗದೆ ತಡಕಾಡಿದಾಗ ಅವನು ಸಹಾಯಕ್ಕೆ ಕೈ ಚಾಚಿದ. ಅವಳು ಸೀಟಿಗೆ ಒತ್ತಿಕೊಂಡು ಕೂತು ಕೈ ಹಾದುಹೋಗಲು ಜಾಗ ಕೊಟ್ಟಳು. ಮೊದಲ ತಿರುವಿನಲ್ಲಿ ಹೇಳಬೇಕೆಂದುಕೊಂಡ, ಶಾಲೆಯ ಹತ್ತಿರ ಹೇಳಬೇಕೆಂದುಕೊಂಡ. ಹೇಳಲಿಲ್ಲ. ಪ್ರತಿಯೊಂದು ಗಾಡಿಗೂ ಮಾರು ದೂರದಲ್ಲೇ ನಿಲ್ಲಿಸಿ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಓಡಿಸಿದ. ಅವಳು ಕಿಟಕಿಯ ಗಾಜು ಪೂರ್ತಿ ಇಳಿಸಿಕೊಂಡಳು, ಅವನು ಏನೂ ಅನ್ನಲಿಲ್ಲ. ಇಷ್ಟು ಸಲೀಸಾಗಿ ಆಗುವುದಾದರೆ ಹೇಳಿ ಯಾಕೆ ಕೆಡಿಸಬೇಕು, ಇವಳೂ ಮರೆಯಲಿಕ್ಕೇ ನೋಡುತ್ತಿದ್ದಾಳೇನೋ ಎಂಬ ಆಸೆ ಮೆಲ್ಲಗೆ ತಲೆಯೆತ್ತಿತು. ಆ ಆಸೆಯ ಭರದಲ್ಲಿ ಮಾತಿಗೆ ಶುರುಮಾಡಿದ. ರಟ್ಟು ಕೂರದೇ ಹೋದದ್ದು, ಜೇಡಿ, ಸ್ಪೇಸರ್ ಬಳೆ, ಮೆಕ್ಯಾನಿಕ್ ಗೋಡೆಗೆ ಬಿಟ್ಟದ್ದು. “ಎಷ್ಟು ಜೋರಲ್ಲಿ ಹೋದ್ರೂ ಟಕ್ ಅಂತ ಹಿಡಿಯುತ್ತೆ ಗೊತ್ತಾ? ಇನ್ನು ನೀನು ಹೆದರೋ ಹಾಗೇ ಇಲ್ಲ. ಈ ಬ್ರೇಕ್ ಅವತ್ತೇ ಇದ್ದಿದ್ರೆ...”

“ಅವತ್ತೂ ಹಿಡೀತಿತ್ತು ರೀ” ಎಂದಳು ಅವಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿ ಮುಚ್ಚಿದೆ ಅಂತಲೋ ನಲ್ಲಿಯಲ್ಲಿ ನೀರು ಬಂತು ಅಂತಲೋ ಹೇಳುವ ಹಾಗೆ ಹೇಳಿದ್ದಳು. ಮಾತಿಗೆ ಬಾಗಿಲು ತೆರೆದಿತ್ತು. ಹೌದು ಅನ್ನುವ ಒಂದು ಮಾತು ಸಾಕಾಗಿತ್ತು, ಆ ಮಾತಿಗಾಗಿಯೇ ಅವಳು ಗಾಡಿ ಹತ್ತಿದ್ದಳು ಅಂತ ಅವನಿಗೆ ಅರ್ಥವೂ ಆಯಿತು. ಆದರೆ ಬೆಳಗಿನಿಂದ ಜಗಿದು ಜಗಿದು ಇಟ್ಟುಕೊಂಡಿದ್ದ ಮಾತನ್ನು ತಾನೇ ಕೊಡಬೇಕೆಂದಿದ್ದವನಿಗೆ, ಅವಳೇ ಕೈಹಾಕಿ ಎತ್ತಿಕೊಂಡ ಹಾಗಾಯಿತು. “ಅಂದ್ರೆ?” ಎಂದ. “ಅಂದ್ರೆ ಏನಿಲ್ಲ. ಹಿಡೀತಿತ್ತು.” “ಅಂದ್ರೆ ನಾನು ಸುಳ್ಳು ಹೇಳಿದೆ ಅಂತಾನಾ?” ಗೆಳೆಯರ ಮುಂದೆ ಬಿದ್ದ ಆ ನಗು, ಗ್ಯಾರೇಜಿನಲ್ಲಿ ನಿಂತುಹೋದ ಸುತ್ತಿಗೆಯ ಸದ್ದು, ಒತ್ತಿ ಸಾರ್ ಅಂದ ಆ ದನಿ, ಎಲ್ಲ ಒಟ್ಟಿಗೆ ಕಿವಿಗೆ ನುಗ್ಗಿದವು. ಮುಂದೆ ಸ್ಟಾಪಿನಲ್ಲಿ ಬಸ್ಸೊಂದು ನಿಂತು ಜನರನ್ನು ಹತ್ತಿಸಿಕೊಳ್ಳುತ್ತಿತ್ತು. ಅವನ ಕಾಲು ಆಕ್ಸಿಲರೇಟರಿನ ಮೇಲೇ ಇತ್ತು. ಹಳೆಯ ಬ್ರೇಕಿದ್ದಾಗ ಒತ್ತುತ್ತಿದ್ದ ಜಾಗ ಬಂತು, ಹೋಯಿತು. ಕಾಲಿಗೆ ಅದು ಗೊತ್ತಿತ್ತು. ಇನ್ನೂ ಜಾಗವಿದೆ, ಇದು ದೊಡ್ಡ ಬ್ರೇಕು. ಬಸ್ಸಿನ ಹಿಂದಿನ ಗಾಜಿನಲ್ಲಿ ಒಬ್ಬ ಮುದುಕ ಇವರ ಕಡೆ ತಿರುಗಿ ಬಾಯಿ ತೆರೆದ. ಅವಳು ರೀ ಅನ್ನಲಿಲ್ಲ.

ಒತ್ತಿದ. ಗಾಡಿ ಟಕ್ ಅಂತ ಹಿಡಿಯಿತು. ಹಿಂದಿನ ಸೀಟಿನ ಡಬ್ಬಿ ಉರುಳಿ ಪ್ಯಾಡುಗಳು ಕೆಳಗೆ ಚೆಲ್ಲಿದವು. ಬಸ್ಸಿಗೂ ಗಾಡಿಗೂ ನಡುವೆ ಮೊಳದಷ್ಟು ಜಾಗ ಉಳಿದಿತ್ತು.

ತಿರುಗಿ ನೋಡಿದಾಗ ಅವಳು ಎಡಗೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಳು ತಡೆಯುತ್ತಿದ್ದಾಳೆ ಅಂದುಕೊಂಡ. ಅಲ್ಲ, ಹಲ್ಲಿಗೆ ಅಡ್ಡ ಹಿಡಿದಿದ್ದಳು. ಬಲಗೈಯನ್ನು ಸೀರೆಯ ಮಡಿಲಲ್ಲಿ ಹುದುಗಿಸಿಟ್ಟಿದ್ದಳು. ಬಾಯಿಂದ ಕೈ ತೆಗೆದು, ನಾಲಿಗೆಯಿಂದ ಎರಡೂ ಹಲ್ಲನ್ನು ಮುಟ್ಟಿ ನೋಡಿಕೊಂಡಳು. ಬೆಲ್ಟು ಬಿಚ್ಚಿದಳು, ಈ ಸಲ ತಡಕಾಡಲಿಲ್ಲ. “ತಮ್ಮನಿಗೆ ನೀವು ಬರಲ್ಲ ಅಂತ ಹೇಳ್ತೀನಿ” ಎಂದು ಇಳಿದು, ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿ, ಆ ಮೊಳದ ಜಾಗದಲ್ಲೇ ಓರೆಯಾಗಿ ನುಸುಳಿ ಹೋಗಿ ಬಸ್ಸು ಹತ್ತಿದಳು. ಒಳಗಿನಿಂದ ಯಾರೋ ಅವಳ ಚೀಲ ತೆಗೆದುಕೊಂಡರು. ಹಿಂದೆ ಹಾರ್ನ್ ಶುರುವಾಯಿತು. ಇಳಿದು ಓಡಬಹುದಿತ್ತು, ಬಸ್ಸಿನ ಬಾಗಿಲಿಗೆ ಅಡ್ಡ ನಿಂತು, ಎಲ್ಲರೂ ಕೇಳುವ ಹಾಗೆ, ಹೌದು ಕಣೇ, ನಾನೇ ಒತ್ತಲಿಲ್ಲ ಅಂತ ಕೂಗಬಹುದಿತ್ತು. ಕೂಗಿದರೂ ಅದು ಬರೀ ಅವತ್ತಿನ ಮಾತಾಗುತ್ತಿತ್ತು. ಈಗ, ಗಾಡಿ ನಿಂತ ಗಳಿಗೆಯಲ್ಲಿ, ಅವಳ ಕಡೆ ತಿರುಗುವುದಕ್ಕೂ ಮೊದಲು ಅವನ ಕಣ್ಣು ಆ ಮೊಳದ ಜಾಗವನ್ನು ಅಳೆದಿತ್ತು. ಇನ್ನೂ ಸ್ವಲ್ಪ ತಡೆದು ಒತ್ತಬಹುದಿತ್ತು ಅಂದುಕೊಂಡಿತ್ತು ಮನಸ್ಸು. ಅದನ್ನು ಯಾರಿಗೆ ಹೇಳುವುದು. ಬಸ್ಸು ಹೊರಟಿತು. ಅವನು ಬ್ರೇಕ್ ಒತ್ತಿಕೊಂಡೇ ಕೂತಿದ್ದ.